ಕೈ ಹಚ್ಚಾಂಗಿಲ್ಲ

ಜೇವರ್ಗಿ
8 ಜೂನ್ 2025

ಪ್ರೀತಿಯ ಭಾಗ್ಯಾ,

ಆರಾಮ ಇದ್ದೀಯೇನಬೇ? ವಾಟ್ಸಾಪ್ ಗ್ರೂಪ್ ಬಿಟ್ಟು ಓಡಿಹೋದವಳನ್ನು ಹಿಡಿಯಲು ಟಪಾಲೇ ಗತಿಯಾಯಿತು ನೋಡು. ಮುಸ್ತಕೀಮನಿಗೆ ಹೊಸ ಹುಚ್ಚು ಹತ್ತಿದೆ. ನಮ್ಮ ಬ್ಯಾಚು ಎಂಬಿಬಿಎಸ್ ಮುಗಿಸಿ ಹತ್ತು ವರ್ಷವಾಯಿತಂತ ಸ್ಮರಣ ಸಂಚಿಕೆ ತರುತ್ತಾನಂತೆ. ಯಾರು ಎಲ್ಲಿದ್ದಾರೆ, ಮುಂದೆ ಏನು ಓದಿದರು, ಯಾರನ್ನು ಕಟ್ಟಿಕೊಂಡರು, ಎಲ್ಲ ಬರಬೇಕಂತೆ. ಅದಕ್ಕೊಂದು ಷರತ್ತು. ಚೀಟಿ ಎತ್ತಿ ಜೋಡಿ ಮಾಡಿದ್ದಾನೆ. ಜೋಡಿಯವರು ಒಬ್ಬರಿಗೊಬ್ಬರು ಕೈಯಿಂದಲೇ ಪತ್ರ ಬರೆಯಬೇಕು, ಅದರಲ್ಲಿ ಚಲೋ ಇದ್ದದ್ದನ್ನು ಅವನು ಅಚ್ಚು ಹಾಕುತ್ತಾನೆ. "ಡಾಕ್ಟರ್ ಮಂದಿ ಅಕ್ಷರ ಒಮ್ಮ್ಯಾರ ಊರಿಗಿ ತಿಳೀಲಿ" ಅನ್ನುತ್ತಾನೆ. ನನ್ನ ಚೀಟಿಯಲ್ಲಿ ನಿನ್ನ ಹೆಸರೇ ಬಂತು. ಎತ್ತಿದವನೂ ಅವನೇ ಆದ್ದರಿಂದ ನನಗೆ ಆಗಲೇ ಅನುಮಾನ.

ಸುದ್ದಿ ಕೇಳು. ಹುಸೇನಪೀರ ವಿಜಯಪುರದಲ್ಲಿ ಚರ್ಮದ ಡಾಕ್ಟರ್. ಕೂದಲು ಉದುರುತ್ತದೆ ಅಂತ ಬಂದವರು ಅವನ ಬೋಳುತಲೆ ನೋಡಿ ಬಾಗಿಲಿಂದಲೇ ತಿರುಗುತ್ತಾರಂತೆ. ಅಂಜುಮ ಸೊಲ್ಲಾಪುರದಲ್ಲಿ ಸ್ಕ್ಯಾನಿಂಗ್ ಸೆಂಟರ್ ಸೇರಿದ್ದಾಳೆ. ಸತೀಶಕುಮಾರ ಸ್ಟೆತಸ್ಕೋಪು ಮಡಚಿಟ್ಟು ಸರಕಾರಿ ಪರೀಕ್ಷೆ ಪಾಸು ಮಾಡಿ ಸಾಹೇಬನಾಗಿದ್ದಾನೆ, ನಮ್ಮ ಫೋನು ಎತ್ತುವುದಿಲ್ಲ. ಮುಸ್ತಕೀಮ ಅಫಜಲಪುರದಲ್ಲೇ ಇದ್ದಾನೆ, ಸುತ್ತಲಿನ ದವಾಖಾನೆಗಳಿಗೆಲ್ಲ ಅರಿವಳಿಕೆ ಕೊಡುತ್ತ ಕಾರಿನಲ್ಲಿ ಅಡ್ಡಾಡುತ್ತಾನೆ. ನಾನು ಇಲ್ಲೇ, ಮಕ್ಕಳ ಡಾಕ್ಟರ್. ಮದುವೆ ಇಲ್ಲ. ಅವ್ವ ಕೇಳುವುದನ್ನೂ ಬಿಟ್ಟಿದ್ದಾಳೆ, ಅದೇ ಈ ವರ್ಷದ ದೊಡ್ಡ ಸಾಧನೆ ಅಂತ ಬರೆದುಕೊ.

ಈಗ ಅಸಲಿ ಮಾತು. ನನ್ನ ತಂಗಿ ಸುನಿತಾ ಮತ್ತೆ ಬಸುರಿ, ಆರನೇ ತಿಂಗಳು. ಮೊದಲ ಕೂಸನ್ನು ನೀನು ಸರಕಾರಿ ದವಾಖಾನೆಯಲ್ಲಿದ್ದಾಗ ಆಪರೇಷನ್ ಮಾಡಿ ತೆಗೆದಿದ್ದೆಯಲ್ಲ, ಆವತ್ತಿನಿಂದ ಅವ್ವನ ಬಾಯಲ್ಲಿ ನಿನ್ನ ಕೈಗುಣದ್ದೇ ಪುರಾಣ. ಸುನಿತಾಳ ಗಂಡನೂರು ಚೌಡಾಪುರದಿಂದ ಆಳಂದಕ್ಕೆ ದೂರವಾಯಿತು ಅಂತ ಅಳಿಯ ಅಂದರೆ "ದೂರ ಆದ್ರ ಆಗ್ಲಿ, ಭಾಗ್ಯಜ್ಯೋತಿ ಕೈಯೇ ಬೇಕು" ಅಂತ ಹಟ. ನಾನೂ ರಜೆ ಹಾಕಿ ಬರುತ್ತೇನೆ. ಹಾಸ್ಟೆಲಿನ ಕರಾರು ನೆನಪಿದೆಯಲ್ಲ? ನೀ ಕೂಸು ತೆಗಿ, ನಾ ಹಿಡಿತೇನಿ.

ನಿನ್ನ
ಮಧುಮತಿ


ಆಳಂದ
27 ಜೂನ್ 2025

ಪ್ರಿಯ ಮಧು,

ನಿನ್ನ ಪತ್ರ ತಲುಪಿತು. ಟೈಪ್ ಮಾಡಿ ಕಳಿಸುತ್ತಿದ್ದೇನೆ, ಬೈಯಬೇಡ, ಕೆಲಸದ ಗಡಿಬಿಡಿ.

ನಮ್ಮದು ಎಲ್ಲ ಸುಖರೂಪ. ನರ್ಸಿಂಗ್ ಹೋಮಿಗೆ ಮೇಲೊಂದು ಮಹಡಿ ಏರಿಸಿದ್ದೇವೆ. ಲೆಕ್ಕಪತ್ರ, ಔಷಧಿ ಅಂಗಡಿ ಎಲ್ಲ ನಮ್ಮ ಮನೆಯವರು, ಸಂತೋಷಕುಮಾರ ಅವರೇ ನೋಡಿಕೊಳ್ಳುತ್ತಾರೆ. ಮಗ ಒಂದನೇ ತರಗತಿಗೆ ಹೋಗುತ್ತಾನೆ. ಅತ್ತೆಯವರ ಮಂಡಿನೋವು ಹಾಗೇ ಇದೆ. ಸಂಚಿಕೆಗೆ ಇಷ್ಟು ಸಾಕು ಅನ್ನಿಸುತ್ತದೆ.

ಸುನಿತಾಳ ಸುದ್ದಿ ಕೇಳಿ ಖುಷಿಯಾಯಿತು. ಎರಡನೆಯ ಸಿಜೇರಿಯನ್ ಅಂದ ಮೇಲೆ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಆಗುವುದೇ ಒಳ್ಳೆಯದು. ರಕ್ತದ ಅನುಕೂಲ ಅಲ್ಲಿ ಹೆಚ್ಚು. ನಿಮ್ಮವ್ವ ಅಂಬುಬಾಯಿ ಅವರಿಗೆ ನನ್ನ ನಮಸ್ಕಾರ ಹೇಳು.

ಇಂತಿ
ಭಾಗ್ಯಜ್ಯೋತಿ


ಜೇವರ್ಗಿ
5 ಜುಲೈ 2025

ಲೇ ಭಾಗ್ಯಾ,

ಇದು ಪತ್ರವೋ, ಸಹಕಾರಿ ಬ್ಯಾಂಕಿನ ವಾರ್ಷಿಕ ವರದಿಯೋ? "ಎಲ್ಲ ಸುಖರೂಪ" ಅಂತ ನೀನು ಯಾವತ್ತು ಬರೆದವಳು? ಪರೀಕ್ಷೆಯ ಹಿಂದಿನ ದಿನ ನನ್ನ ನೋಟ್ಸಿನ ಅಂಚಿನಲ್ಲಿ ನೀನು ಬರೆದ ಬೈಗುಳಗಳು ಇನ್ನೂ ನನ್ನ ಹತ್ತಿರ ಇವೆ, ಒಂದೊಂದು ಅಕ್ಷರವೂ ಮುತ್ತು. ಕೈಯಿಂದ ಬರೆ ಅಂದರೆ ಟೈಪು. ಅದನ್ನಾದರೂ ನೀನೇ ಮಾಡಿದೆಯೋ, ಪತಿದೇವರು ನಿಂತು ಮಾಡಿಸಿದರೋ? ಕೆಳಗೆ ಒಂದು ಸಹಿಯೂ ಇಲ್ಲವಲ್ಲ ತಾಯಿ.

ನಾನು ಅನುಮಾನದ ಪಿಶಾಚಿ ಅಂತ ನಿನಗೆ ಗೊತ್ತೇ ಇದೆ. ಅದಕ್ಕೇ ಮುಸ್ತಕೀಮನನ್ನು ಕೇಳಿದೆ. ಶಿವರಾತ್ರಿಯ ಮೇಲೆ ನಿಮ್ಮ ದವಾಖಾನೆಯಿಂದ ಅವನಿಗೆ ಒಂದೂ ಕರೆ ಇಲ್ಲವಂತೆ. ಕಲಬುರಗಿಯಿಂದ ಯಾರೋ ಸರ್ಜನ್ ಬರುತ್ತಾರೆ, ಅರಿವಳಿಕೆಯವನನ್ನೂ ತಾವೇ ಕರೆತರುತ್ತಾರೆ ಅಂದ. "ನಾ ಏನ್ ತಪ್ಪು ಮಾಡೇನಿ ಮಧು? ಫೋನ್ ಮಾಡಿದ್ರ ಭಾಗ್ಯಾ ಎತ್ತಾಂಗಿಲ್ಲ" ಅಂತ ಪಾಪ ಮುಖ ಸಣ್ಣದು ಮಾಡಿಕೊಂಡ. ಅಷ್ಟೇ ಅಲ್ಲ. ಸೊಲ್ಲಾಪುರದ ಬಸ್ಸಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ನೀನು ಕೂತದ್ದನ್ನು ಅಂಜುಮ ಕಂಡಿದ್ದಾಳೆ. ಮಾತಾಡಿಸಿದರೆ ಕಿಟಕಿಯ ಕಡೆ ತಿರುಗಿದೆಯಂತೆ. ಮನೆ ಮುಂದೆ ಕಾರು ನಿಂತಿರುವವಳಿಗೆ ಬಸ್ಸು ಯಾಕೆ? ಅದೂ ಮುಖ ಮುಚ್ಚಿಕೊಂಡು?

ನನಗೆ ಏನೇನೋ ತೋಚುತ್ತದೆ. ಗಂಡನ ಜೊತೆ ಜಗಳವೇ? ಇಲ್ಲಾ, ಬರೆಯಲು ಕೈ ಬರುವುದಿಲ್ಲ ಆದರೂ ಬರೆಯುತ್ತೇನೆ, ಸ್ಕ್ಯಾನಿಂಗ್ ಮಾಡಿ ಹೆಣ್ಣೋ ಗಂಡೋ ಹೇಳುವ ದಂಧೆಗೆ ಯಾರಾದರೂ ನಿನ್ನನ್ನು ಎಳೆದರೆ? ಗಡಿಯಾಚೆ ಸೊಲ್ಲಾಪುರದ ಕಡೆ ಅದು ನಡೆಯುತ್ತದೆ ಅಂತ ಕೇಳಿದ್ದೇನೆ. ಹಾಗಿದ್ದರೆ ಈಗಲೇ ಹೇಳಿಬಿಡು, ಬೈಯುವಷ್ಟು ಬೈದು ನಿನ್ನ ಬೆನ್ನಿಗೆ ನಿಲ್ಲುತ್ತೇನೆ. ಹಾಗಲ್ಲದಿದ್ದರೆ ಈ ಸಾಲು ಓದಿ ನಕ್ಕುಬಿಡು.

ಮುಂದಿನ ಗುರುವಾರ ಅವ್ವ, ಸುನಿತಾ ಆಳಂದಕ್ಕೆ ಬರುತ್ತಾರೆ. ಕಲಬುರಗಿ ಗಿಲಬುರಗಿ ಅವ್ವನ ಮುಂದೆ ನಡೆಯುವುದಿಲ್ಲ. ನೀನೇ ನೋಡು, ನೀನೇ ಹೇಳು.

ಮಧು


ಆಳಂದ
14 ಜುಲೈ 2025

ಪ್ರಿಯ ಮಧುಮತಿ,

ಸುನಿತಾ ಬಂದು ಹೋದಳು. ಮಗುವಿನ ಬೆಳವಣಿಗೆ ಸರಿ ಇದೆ, ರಕ್ತ ಸ್ವಲ್ಪ ಕಡಿಮೆ ಇದೆ, ಮಾತ್ರೆ ಬರೆದಿದ್ದೇನೆ. ಹೆರಿಗೆಗೆ ಕಲಬುರಗಿಗೇ ಕರೆದುಕೊಂಡು ಹೋಗು. ಇದರಲ್ಲಿ ನನ್ನನ್ನು ಒತ್ತಾಯಿಸಬೇಡ. ನೀನು ಅಂದುಕೊಂಡ ಯಾವ ದಂಧೆಯೂ ಇಲ್ಲ.

ಭಾಗ್ಯಜ್ಯೋತಿ


ಜೇವರ್ಗಿ
24 ಜುಲೈ 2025

ಡಾ. ಭಾಗ್ಯಜ್ಯೋತಿ ಅವರಿಗೆ,

ನಿಮ್ಮ ಪತ್ರ ಬಂತು. ಈ ಸಲ ಟೈಪು ಅಲ್ಲ, ಕೈಬರಹ. ಆದರೆ ಆ ಕೈ ನಿಮ್ಮದಲ್ಲ. ನಾಲ್ಕು ಸಾಲನ್ನೂ ಬೇರೆಯವರಿಂದ ಬರೆಸುವಷ್ಟು ನಾನು ದೂರದವಳಾದೆ ಅಂತ ಆಯಿತು.

ನಿಮ್ಮ ದವಾಖಾನೆಯಲ್ಲಿ ಆದದ್ದನ್ನು ಸುನಿತಾ ಹೇಳಿದಳು. "ಡಾಕ್ಟರಕ್ಕ ನನ್ನ ಹೊಟ್ಟಿ ಮುಟ್ಟಿ ಸೈತ ನೋಡ್ಲಿಲ್ಲ. ಟೇಬಲ್ ಕೆಳಗ ಕೈ ಇಟಗೊಂಡೇ ಕುಂತಿದ್ರು. ಎಲ್ಲಾ ಜಸ್ಮೀನ ಅನ್ನೋ ನರ್ಸಮ್ಮನ ಕಡಿಂದನ ನೋಡಿಸಿದ್ರು." ಅವಳು ಸಣ್ಣವಳು, ಕೆಲಸದ ಒತ್ತಡ ಇರಬೇಕು ಅಂದುಕೊಂಡಳು. ನಮ್ಮವ್ವ ಸಣ್ಣವಳಲ್ಲ. ಆಳಂದದಿಂದ ಬಂದ ಮೂರನೇ ದಿನ ರೊಟ್ಟಿ ಬಡಿಯುತ್ತ ಅಂದಳು: "ಒಳಗ ಹೋಗಿ ನರ್ಸಗ ಅಂದದ್ದು ನನ್ನ ಕಿವಿಗಿ ಬಿತ್ತು ಬೇ. 'ಜಸ್ಮೀನ, ಈ ಕೇಸಿಗಿ ನಾ ಕೈ ಹಚ್ಚಾಂಗಿಲ್ಲ' ಅಂದ್ಳು. ನನಗ ಈ ಮಾತು ಹೊಸಾದಲ್ಲ. ನಾ ಹುಟ್ಟೂ ಮುಂದ ಬಂದ ಸೂಲಗಿತ್ತಿನೂ ನಮ್ಮ ಅಂಗಳದಾಗ ನಿಂತು ಹಿಂಗೇ ಅಂದಿದ್ಲಂತ."

ಹೊರಗೆ ಕೂತವರಿಗೆಲ್ಲ ನಿಮ್ಮ ಅತ್ತೆ ಸುಭದ್ರಾಬಾಯಿ ಅವರು ಸ್ಟೀಲ್ ಬಟ್ಟಲಲ್ಲಿ ಚಹಾ ಕೊಟ್ಟರಂತೆ. ಊರು, ಮನೆತನ ವಿಚಾರಿಸಿದ ಮೇಲೆ ಇವರಿಬ್ಬರಿಗೆ ಕಾಗದದ ಕಪ್ಪು.

ಮೊದಲ ಹೆರಿಗೆ ನೀವೇ ಮಾಡಿದ್ದಿರಿ, ನಿಜ. ಆಗ ಸರಕಾರಿ ನೌಕರಿ, ಸರಕಾರಿ ಕೈಗವಸು. ಈಗ ಸ್ವಂತ ದವಾಖಾನೆ. ಅಲ್ಲಿ ಮುಟ್ಟುವ ಕೈ ಇಲ್ಲಿ ಮುಟ್ಟುವುದಿಲ್ಲ ಅಂತ ನಾನು ತಿಳಿದುಕೊಳ್ಳಬೇಕಿತ್ತು. ಹಾಸ್ಟೆಲಿನ ಕೋಣೆಯಲ್ಲಿ ನಿಮ್ಮ ಬಸವಣ್ಣ, ನಮ್ಮ ಬುದ್ಧ ಇಬ್ಬರೂ ಒಂದೇ ಮೊಳೆಗೆ ತೂಗುತ್ತಿದ್ದರಲ್ಲ, ಅದನ್ನು ನೋಡಿ ಮೋಸಹೋದೆ. ಎರಡನೇ ವರ್ಷದ ರಜೆಯಲ್ಲಿ ಅಂದೋಲಾದ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ತಂದೆ ದೌಲತರಾಯರು ಚಹಾದ ಬಟ್ಟಲನ್ನು ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಸರಿದು ನಿಂತರು. ಅದನ್ನು ನಾನು ಯಾರಿಗೂ ಹೇಳಿಲ್ಲ. ನಿಮ್ಮ ಗೆಳೆತನ ದೊಡ್ಡದು, ಬಟ್ಟಲು ಸಣ್ಣದು ಅಂತ ನುಂಗಿಕೊಂಡೆ. ಈಗ ಅದೇ ಗಂಟಲಲ್ಲಿ ಸಿಕ್ಕಿದೆ.

ಮುಸ್ತಕೀಮನಿಗೆ ಆಗಸ್ಟ್ ಹದಿನೈದರೊಳಗೆ ಪತ್ರಗಳು ಬೇಕು. ನಿಮ್ಮವು, ನಕಲು ತೆಗೆದಿಟ್ಟ ನನ್ನವು, ಈ ಪತ್ರದ ಸಮೇತ ಎಲ್ಲವನ್ನೂ ಅವನ ಕೈಗೆ ಕೊಡುತ್ತೇನೆ. ಇಡೀ ಬ್ಯಾಚು ಓದಲಿ. ನಿಮ್ಮ ಹತ್ತು ವರ್ಷದ ಸುದ್ದಿ ಅದೇ.

ಡಾ. ಮಧುಮತಿ


ಆಳಂದ
6 ಆಗಸ್ಟ್ 2025

ಮಧು,

ಇದು ನನ್ನ ಕೈ. ನೋಡು.

ಸಾಲು ಏರುತ್ತದೆ, ಇಳಿಯುತ್ತದೆ. ಒತ್ತಕ್ಷರ ನೆಟ್ಟಗೆ ಬರುವುದಿಲ್ಲ. ಓದಲು ಕಷ್ಟವಾದರೆ ನಿಧಾನ ಓದು. ಬರೆಯುವುದಕ್ಕೂ ಬಹಳ ಹೊತ್ತು ಹಿಡಿಯುತ್ತಿದೆ.

ಹೋದ ಚಳಿಗಾಲದಲ್ಲಿ ಶುರುವಾಯಿತು. ಹೊಲಿಗೆಯ ಗಂಟು ಕಟ್ಟುವಾಗ ಬಲಗೈ ನಡುಗಿತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ಶಿವರಾತ್ರಿಯ ಹೊತ್ತಿಗೆ ಸೂಜಿ ಹಿಡಿದರೆ ಸೂಜಿಯ ತುದಿ ಕುಣಿಯುತ್ತಿತ್ತು. ಬ್ಲೇಡು ಕೆಳಗಿಟ್ಟೆ. ಆಮೇಲೆ ಎತ್ತಿಲ್ಲ. ಮುಸ್ತಕೀಮ ಟೇಬಲ್ಲಿನ ಆ ಕಡೆ ನಿಲ್ಲುವವನು, ಒಂದೇ ನೋಟಕ್ಕೆ ಹಿಡಿಯುತ್ತಿದ್ದ. ಅದಕ್ಕೇ ಅವನನ್ನು ಬಿಡಿಸಿದೆ. ಸೊಲ್ಲಾಪುರಕ್ಕೆ ಹೋದದ್ದು ನರರೋಗದ ಡಾಕ್ಟರ ಹತ್ತಿರ. ಕಾರು ಒಯ್ದರೆ ಡ್ರೈವರ್ ಊರಿಗೆಲ್ಲ ಹೇಳುತ್ತಾನೆ. ದೊಡ್ಡ ರೋಗವಲ್ಲ ಅಂದರು, ಮನೆತನದಲ್ಲಿ ಬರುವ ನಡುಕ. ಮಾತ್ರೆಯಿಂದ ಅರ್ಧ ಕಡಿಮೆಯಾಗುತ್ತದೆ. ಹೊಲಿಗೆಗೆ ಅರ್ಧ ಸಾಲದು.

ಆಳಂದದ ಮಂದಿ ಬರುವುದು ನನ್ನ ಕೈಗುಣಕ್ಕೆ. ಬೋರ್ಡಿನ ಮೇಲೆ ನನ್ನ ಹೆಸರು. ಒಳಗೆ ಬೇರೆಯವರು ಆಪರೇಷನ್ ಮಾಡುತ್ತಾರೆ, ನಾನು ಮಾಸ್ಕ್ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ಹೊರಗೆ ಬಂದು ಮಗು ಆಯಿತು ಅಂತ ಹೇಳುತ್ತೇನೆ. ಅವರು ನನ್ನ ಕಾಲಿಗೆ ಬೀಳುತ್ತಾರೆ. "ಯಾರ್ ಮಾಡಿದ್ರೇನು, ಹೆಸರು ನಿಂದೇ ಇರ್ಲಿ" ಅನ್ನುತ್ತಾರೆ ಸಂತೋಷ. ಪ್ರತಿ ಸಲ ನಾಚಿಕೆಯಿಂದ ಸಾಯುತ್ತೇನೆ.

ಸುನಿತಾಳಿಗೆ ಹಾಗೆ ಮಾಡಲು ಆಗಲಿಲ್ಲ ಮಧು. ನಿನ್ನ ತಂಗಿ ನನ್ನ ಕೈ ನಂಬಿ ಮಲಗುವುದು, ಕೊಯ್ಯುವುದು ಇನ್ನೊಬ್ಬರು. ಅದಕ್ಕೇ ಜಸ್ಮೀನಳಿಗೆ "ನಾ ಕೈ ಹಚ್ಚಾಂಗಿಲ್ಲ" ಅಂದೆ. ಅಂಬುಬಾಯಿ ಅವರ ಕಿವಿಗೆ ಆ ಮಾತು ಹೇಗೆ ಬಿದ್ದೀತು ಅನ್ನುವುದು ನನಗೆ ಹೊಳೆಯಲೇ ಇಲ್ಲ. ನಿನ್ನ ಪತ್ರ ಓದುವ ತನಕ ಹೊಳೆಯಲಿಲ್ಲ. ಆ ಮಾತು ನನಗೆ ಬರೀ ಡಾಕ್ಟರ ಮಾತಾಗಿತ್ತು.

ಅಪ್ಪನ ಕೈಯೂ ನಡುಗುತ್ತಿತ್ತು. ಅವರು ಯಾರ ಕೈಗೂ ಬಟ್ಟಲು ಕೊಟ್ಟವರಲ್ಲ, ಚೆಲ್ಲೀತು ಅಂತ ಇಟ್ಟು ಸರಿಯುತ್ತಿದ್ದರು. ಕಾಗದದ ಕಪ್ಪಿನ ವಿಷಯ ಹಾಗಲ್ಲ. ಅತ್ತೆಯನ್ನು ಕೇಳಿದೆ, ಮುಖ ತಿರುಗಿಸಿದರು. ಅದು ನೀನು ತಿಳಿದ ಹಾಗೇ ಇದೆ.

ಪತ್ರಗಳನ್ನು ಮುಸ್ತಕೀಮನಿಗೆ ಕೊಡುವುದಾದರೆ ಕೊಡು. ಇದನ್ನೂ ಸೇರಿಸು. ನನ್ನ ದವಾಖಾನೆ ಮುಚ್ಚಿದರೂ ಸರಿ, ನಿನ್ನ ತಂಗಿಯನ್ನು ಮುಟ್ಟಲು ಹೇಸಿದವಳು ಅಂತ ಅನ್ನಿಸಿಕೊಂಡು ನನ್ನಿಂದ ಬದುಕಲಾಗದು.

ಭಾಗ್ಯಾ


ಜೇವರ್ಗಿ
11 ಆಗಸ್ಟ್ 2025

ಭಾಗ್ಯಾ,

"ನೀವು" ಬಿಟ್ಟು "ನೀನು"ಗೆ ಬಂದಿದ್ದೇನೆ. ಕ್ಷಮಿಸಿದೆ ಅಂತ ಹಿಗ್ಗಬೇಡ. ಪೇಷಂಟನ್ನು ಬಹುವಚನದಲ್ಲಿ ಬೈದು ನನಗೆ ರೂಢಿ ಇಲ್ಲ, ಅಷ್ಟೇ.

ನಿಜ ಹೇಳುತ್ತೇನೆ. ಪತ್ರ ಓದಿದ ಕೂಡಲೇ ನನಗೆ ಅಳು ಬರಲಿಲ್ಲ, ಅನುಮಾನ ಬಂತು. ಸಿಕ್ಕಿಬಿದ್ದವಳು ಎಡಗೈಯಿಂದ ಬರೆದು ನಾಟಕ ಹೂಡಿರಬಹುದು ಅಂತ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನಡುಕ ಎಲ್ಲ ಅಕ್ಷರದಲ್ಲೂ ಒಂದೇ ಸಮನಾಗಿದೆ. ಬೇಕಂತಲೇ ನಡುಗಿಸಿದರೆ ಹೀಗೆ ಬರುವುದಿಲ್ಲ. ನಿನ್ನ "ಧ"ದ ಹೊಟ್ಟೆ ಸೀಳುವ ಗೆರೆ ಮಾತ್ರ ಅದೇ ಹಳೇ ಸೊಕ್ಕಿನದು. ಆಗ ಅಳು ಬಂತು.

ಆದರೂ ಒಂದು ಹೇಳುತ್ತೇನೆ, ಕೇಳು. ನಿಮ್ಮಪ್ಪನ ಕೈ ನಡುಗುತ್ತಿದ್ದದ್ದು ನಿಜ ಇರಬಹುದು. ನಾನು ಹಾಗೆ ತಿಳಿದದ್ದರಲ್ಲೂ ನನ್ನ ತಪ್ಪಿಲ್ಲ. ನಡುಗದ ಕೈಗಳು ಎಷ್ಟೋ ಕಡೆ ನನ್ನ ಮುಂದೆ ಹಾಗೇ ಬಟ್ಟಲು ಇಟ್ಟು ಸರಿದಿವೆ. ಯಾವುದು ನಡುಕ, ಯಾವುದು ಮಡಿ ಅಂತ ಪ್ರತಿ ಸಲ ನಾನೇ ಪತ್ತೆ ಹಚ್ಚಬೇಕೇನು?

ಅವ್ವನಿಗೆ ಓದಿ ಹೇಳಿದೆ. ನಂಬಲಿಲ್ಲ. "ಕಾಗದದಾಗ ಯಾರ್ ಏನ್ ಬೇಕಾದ್ರ ಬರೀತಾರ. ಕೈ ನಡುಗತದಂದ್ರ ನಡುಗ್ಲಿ. ಆಕಿ ನಮ್ಮ ಮನಿಗಿ ಬರ್ಲಿ, ಸುನಿತಾನ ಹೊಟ್ಟಿ ಮುಟ್ಟಿ ನೋಡ್ಲಿ, ನಮ್ಮ ಕಪ್ಪಿನಾಗ ಚಹಾ ಕುಡೀಲಿ. ಆಮ್ಯಾಲ ಮಾತು" ಅಂದಳು. ಪತ್ರಗಳನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಭಾನುವಾರ ಸುನಿತಾ ಇಲ್ಲೇ ಇರುತ್ತಾಳೆ.

ಮಧು


ಜೇವರ್ಗಿ
20 ಆಗಸ್ಟ್ 2025

ಪ್ರೀತಿಯ ಭಾಗ್ಯಾ,

ನೀನು ಮೊನ್ನೆ ಬಂದು ಹೋದಾಗ ನಾನು ಹೆಚ್ಚು ಮಾತಾಡಲಿಲ್ಲ. ಅವ್ವನ ಮುಂದೆ ನನ್ನ ಬಾಯಿ ಕಟ್ಟಿತ್ತು. ಈಗ ಹೇಳುತ್ತೇನೆ.

ಸುನಿತಾಳ ಹೊಟ್ಟೆಯ ಮೇಲೆ ನೀನು ಎರಡೂ ಕೈ ಊರಿದೆಯಲ್ಲ, ಊರಿದ ಮೇಲೆ ನಡುಕ ನಿಂತಿತು. ಅದನ್ನು ನೀನು ಗಮನಿಸಿದೆಯೋ ಇಲ್ಲವೋ. ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಿದೆ. ಸುನಿತಾ ನಕ್ಕಳು. ಅವ್ವ ನಗಲಿಲ್ಲ. ಅವಳ ಪರೀಕ್ಷೆ ಇನ್ನೂ ಬಾಕಿ ಇತ್ತು.

ಚಹಾದ ಕಪ್ಪನ್ನು ಅವ್ವ ಬೇಕಂತಲೇ ಅಂಚಿನ ತನಕ ತುಂಬಿದ್ದಳು. ಅದನ್ನು ನಿನ್ನ ಮುಂದೆ ಇಟ್ಟು ಎದುರಿಗೇ ಕೂತಳು. ನೀನು ಕೈ ಮುಂದೆ ತಂದು ಮತ್ತೆ ಹಿಂದೆ ತೆಗೆದುಕೊಂಡೆ. ಚಹಾದ ಕಡೆ ನೋಡುತ್ತ ಕೂತೆ. ಆಗ, ದೇವರಾಣೆ ಭಾಗ್ಯಾ, ನನ್ನಲ್ಲಿ ಮತ್ತೆ ಆ ಹಾಳು ಅನುಮಾನ ಎದ್ದಿತು. ಕುಡಿಯುವುದಿಲ್ಲ ಇವಳು, ಏನಾದರೊಂದು ನೆಪ ಹೇಳಿ ಏಳುತ್ತಾಳೆ ಅಂದುಕೊಂಡೆ. ನಿನ್ನ ನಡುಕವನ್ನು ಕಣ್ಣಾರೆ ಕಂಡ ಮೇಲೂ ಹಾಗೆ ಅಂದುಕೊಂಡೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

ನೀನು ಬಾಗಿದೆ. ಕೈ ಎರಡೂ ತೊಡೆಯ ಮೇಲೆ, ಕಪ್ಪು ನೆಲದ ಮೇಲೆ, ತುಟಿ ಅಂಚಿಗೆ. ಸಣ್ಣ ಹುಡುಗರ ಹಾಗೆ ಸೊರ್ರನೆ ಎಳೆದೆ. ಅವ್ವ ಅಷ್ಟು ಹೊತ್ತು ಬಿಗಿದಿದ್ದವಳು "ಅಯ್ಯ ನನ್ನವ್ವ, ಸುಟ್ಟಗೋತಿ ತಡಿ" ಅಂತ ಕಪ್ಪು ಎತ್ತಿ ಕೆಳಗಿನ ಬಸಿಗೆ ಬಗ್ಗಿಸಿ, ಆರಿಸಿ, ನಿನ್ನ ಬಾಯಿಗೆ ಹಿಡಿದಳಲ್ಲ, ಆಗ ನಾನು ಒಳಗೆ ಹೋದದ್ದು ಸಕ್ಕರೆ ತರಲಿಕ್ಕೆ ಅಲ್ಲ.

ನೀನು ಹೋದ ಮೇಲೆ ಅವ್ವ ಅಂದದ್ದು: "ನಾಳಿಂದ ಆಕಿ ಉಣ್ಣೋದು ಹೆಂಗ? ಚಮಚ ದಪ್ಪಂದು ತೊಗೊ ಅಂತ ಬರಿ." ಬರೆದಿದ್ದೇನೆ.

ಮುಸ್ತಕೀಮ ದಿನಾ ಫೋನ್ ಮಾಡುತ್ತಾನೆ, ನಿಮ್ಮ ಜೋಡಿಯದು ಮಾತ್ರ ಬಾಕಿ ಅಂತ. ಏನು ಹೇಳಲಿ? ನೀನು ಬೇಡ ಅಂದರೆ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ.

ನಿನ್ನ
ಮಧು


ಆಳಂದ
28 ಸೆಪ್ಟೆಂಬರ್ 2025

ಪ್ರೀತಿಯ ಮಧು,

ಹೋದ ವಾರ ಹುಟ್ಟಿದ ಸುನಿತಾಳ ಮಗಳು ಹಾಲು ಕುಡಿಯುತ್ತಿದ್ದಾಳೆ ಅಂತ ಜಸ್ಮೀನಳಿಗೆ ಫೋನ್ ಬಂತಂತೆ. ನನಗೆ ಯಾಕೆ ಮಾಡಲಿಲ್ಲ ಅಂತ ಈಗ ನನಗೆ ಅನುಮಾನ. ನಿನ್ನ ರೋಗ ಅಂಟಿದೆ.

ಕಲಬುರಗಿಯಲ್ಲಿ ಅವತ್ತು ತೆಗೆದವರು ಬೇರೆ. ಹಿಡಿದವಳು ನೀನೇ. ನಾನು ಸುನಿತಾಳ ತಲೆಯ ಹತ್ತಿರ ಕೂತಿದ್ದೆ. ಅವಳು ನನ್ನ ಬಲಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನಡುಗಲು ಜಾಗವೇ ಇರಲಿಲ್ಲ. ಅರಿವಳಿಕೆಗೆ ಮುಸ್ತಕೀಮನನ್ನೇ ಕರೆಸಿದ್ದೆಯಲ್ಲ. ಹೊರಗೆ ಬಂದ ಮೇಲೆ "ನಾ ಮೂರು ಸಲ ಫೋನ್ ಮಾಡಿದ್ದೆ" ಅಂದ, ಅಷ್ಟೇ. ನನಗೆ ಬಹಳ ಅಳು ಬಂತು.

ದವಾಖಾನೆಯಲ್ಲಿ ಈಗ ಎಲ್ಲರಿಗೂ ಸ್ಟೀಲ್ ಬಟ್ಟಲು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆಪರೇಷನ್ ಮಾಡುವವರ ಹೆಸರಿನ ಬೋರ್ಡು ಬರೆಸಲು ಕೊಟ್ಟಿದ್ದೇನೆ, ಸಂತೋಷ ಅದನ್ನು ಎರಡು ಸಲ ತಡೆದರು. ಪೇಷಂಟುಗಳು ಕಡಿಮೆಯಾಗಿದ್ದಾರೆ. ಕೆಲವರು ಬಂದು ನನ್ನ ಕೈ ನೋಡಿ ಹೋಗುತ್ತಾರೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ, ಹೆದರಿಕೆ ಇದೆ.

ಮುಸ್ತಕೀಮನಿಗೆ ಪತ್ರಗಳು ಬೇಡ. ಅವು ನಮ್ಮಿಬ್ಬರವು. ಕೆಳಗಿನದನ್ನು ಕತ್ತರಿಸಿ ಅವನಿಗೆ ಕೊಡು:

"ಡಾ. ಭಾಗ್ಯಜ್ಯೋತಿ, ಆಳಂದ. ಹೆರಿಗೆ ಡಾಕ್ಟರ್. ಬಲಗೈ ನಡುಗುತ್ತದೆ, ಆದ್ದರಿಂದ ಆಪರೇಷನ್ನಿಗೆ ಕೈ ಹಚ್ಚುವುದಿಲ್ಲ. ಬಂದವರನ್ನೆಲ್ಲ ಮುಟ್ಟಿ ನೋಡುತ್ತೇನೆ."

ಇದನ್ನು ಟೈಪ್ ಮಾಡಿಸಬೇಡ ಅಂತ ಅವನಿಗೆ ಹೇಳು. ನನ್ನ ಅಕ್ಷರದಲ್ಲೇ ಇರಲಿ.

ನಿನ್ನ
ಭಾಗ್ಯಾ